ಹಳೆಯ ಮೆನು, ಚೆಕ್‌ಬಾಕ್ಸ್ ಪದ್ಧತಿಗಳನ್ನು ಈಗಲೂ ಪಾಲಿಸಬೇಕೇ?

ಕಚೇರಿ ಕೆಲಸದ ಸಾಫ್ಟ್‌ವೇರ್‌ಗೆ ಹೊಸ ರೂಪ ಕೊಡುವಾಗ ಹಳೆಯ ಪದ್ಧತಿಗಳನ್ನೆಲ್ಲ ಕೈಬಿಡಬಹುದಾ ಅಂತ ಕೇಳಿದ್ದೀರಿ. ಬಣ್ಣ, ಆಕಾರ ಹೇಗೆ ಬೇಕಾದರೂ ಬದಲಿಸಿ, ವರ್ತನೆಯನ್ನು ಮಾತ್ರ ಮುಟ್ಟಬೇಡಿ.

ಎಫ್1 ಒತ್ತಿದರೆ ಸಹಾಯ, ಆಲ್ಟ್+ಎಫ್4 ಒತ್ತಿದರೆ ವಿಂಡೋ ಮುಚ್ಚುವುದು ಇವೆಲ್ಲ ಐಬಿಎಂ 1987ರಲ್ಲಿ ಹೊರತಂದ ‘ಕಾಮನ್ ಯೂಸರ್ ಆಕ್ಸೆಸ್’ ನಿಯಮಗಳ ಕೊಡುಗೆ. ಬಳಕೆದಾರರ ಬೆರಳಿಗೆ ಇವು ಆಗಲೇ ರೂಢಿಯಾಗಿವೆ, ನೀವು ಕಲಿಸಬೇಕಾಗಿಲ್ಲ. ಮೆನುವಿನಲ್ಲಿ ‘ಪ್ರಿಂಟ್…’ ಎಂದಾಗ ಆ ಮೂರು ಚುಕ್ಕಿಗೂ ಅರ್ಥವಿದೆ: ಒತ್ತಿದ ಕೂಡಲೇ ಏನೂ ಆಗುವುದಿಲ್ಲ, ಮೊದಲು ವಿವರ ಕೇಳುತ್ತದೆ. ಹಾಗಾಗಿ ಹೊಸಬರೂ ಧೈರ್ಯವಾಗಿ ಒತ್ತಿ ನೋಡಬಹುದು. ಸದ್ಯಕ್ಕೆ ಉಪಯೋಗವಿಲ್ಲದ ಆಯ್ಕೆಯನ್ನು ಮಂಕು ಮಾಡಿ, ಅಡಗಿಸಬೇಡಿ; ಅಡಗಿಸಿದರೆ ಉಳಿದವು ಜಾಗ ಬದಲಿಸಿ ಕೈ ತಪ್ಪುತ್ತದೆ.

ಹೆಚ್ಚು ಎಡವುವುದು ಸ್ವಿಚ್ ವಿಷಯದಲ್ಲಿ. ಚೆಕ್‌ಬಾಕ್ಸ್ ಅಂದರೆ ‘ಗುರುತು ಹಾಕಿದ್ದೇನೆ, ಓಕೆ ಒತ್ತಿದ ಮೇಲೆ ಜಾರಿ’. ಸ್ವಿಚ್ ಅಂದರೆ ‘ಈಗಲೇ ಜಾರಿ’. ಚೆನ್ನಾಗಿ ಕಾಣುತ್ತದೆಂದು ಫಾರ್ಮ್‌ನಲ್ಲಿ ಸ್ವಿಚ್ ಇಟ್ಟು, ಪುಟದ ಕೊನೆಯಲ್ಲಿ ‘ಸೇವ್’ ಬಟನ್ ಹಾಕಿದರೆ, ಜನ ಸ್ವಿಚ್ ತಿರುಗಿಸಿ ಹೊರಟುಬಿಡುತ್ತಾರೆ. ಬದಲಾವಣೆ ಉಳಿಯುವುದಿಲ್ಲ, ದೂರು ಮಾತ್ರ ನಿಮಗೆ ಬರುತ್ತದೆ.

ವೆಬ್‌ನಲ್ಲಾದರೆ ಇನ್ನೊಂದು ಕಾಟ: ತನ್ನದೇ ಕೆಲಸವಿಲ್ಲದ, ಬರೀ ಡಬ್ಬಿಯಂಥ ‘ಡಿವ್’ ಟ್ಯಾಗ್‌ಗೆ ಕ್ಲಿಕ್ ಜೋಡಿಸಿ ಅದನ್ನೇ ಬಟನ್ ಅನ್ನುವುದು. ಟ್ಯಾಬ್ ಕೀ ಅಲ್ಲಿ ನಿಲ್ಲುವುದಿಲ್ಲ, ಎಂಟರ್ ಕೆಲಸ ಮಾಡುವುದಿಲ್ಲ, ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಅದು ಬಟನ್ ಅಂತಲೇ ಗೊತ್ತಾಗುವುದಿಲ್ಲ. ಸರಿಪಡಿಸಲು ರೋಲ್ (‘ಇದು ಬಟನ್’ ಎಂಬ ಗುರುತು) ಕೊಡಬೇಕು, ಟ್ಯಾಬ್‌ಇಂಡೆಕ್ಸ್ 0 (ಟ್ಯಾಬ್ ಕೀ ಅಲ್ಲಿ ನಿಲ್ಲುವಂತೆ) ಕೊಡಬೇಕು, ಎಂಟರ್ ಒತ್ತಿದಾಗ ಮತ್ತು ಸ್ಪೇಸ್ ಬಿಟ್ಟಾಗ ಕೆಲಸ ಆಗುವಂತೆ ಬರೆಯಬೇಕು, ಸ್ಪೇಸ್‌ಗೆ ಪುಟ ಕೆಳಗೆ ಸರಿಯದಂತೆಯೂ ತಡೆಯಬೇಕು. ‘ಬಟನ್’ ಟ್ಯಾಗ್ ಬಳಸಿದರೆ ಇದೆಲ್ಲ ಪುಕ್ಕಟೆ.

ಓಕೆ, ಕ್ಯಾನ್ಸಲ್ ಕ್ರಮಕ್ಕೆ ಎಲ್ಲೆಡೆ ಒಂದೇ ನಿಯಮವಿಲ್ಲ. ವಿಂಡೋಸ್‌ನಲ್ಲಿ ಓಕೆ ಎಡಕ್ಕೆ, ಮ್ಯಾಕ್‌ನಲ್ಲಿ ಮುಖ್ಯ ಬಟನ್ ಬಲತುದಿಗೆ. ಆಯಾ ವ್ಯವಸ್ಥೆಯನ್ನೇ ಅನುಸರಿಸಿ. ‘ಓಕೆ’ ಬದಲು ‘ಅಳಿಸು’, ‘ಉಳಿಸು’ ಎಂದು ಆಗುವ ಕೆಲಸವನ್ನೇ ಬರೆದರೆ ಇನ್ನೂ ಒಳ್ಳೆಯದು.

ವಿನ್ಯಾಸ ಮುಗಿದ ಮೇಲೆ ಮೌಸ್ ತೆಗೆದಿಟ್ಟು ಒಂದು ಫಾರ್ಮ್ ತುಂಬಿ ನೋಡಿ. ಹಲವುಗಳಲ್ಲಿ ಒಂದನ್ನೇ ಆರಿಸುವ ರೇಡಿಯೋ ಬಟನ್‌ಗಳ ಗುಂಪಿನಲ್ಲಿ ಟ್ಯಾಬ್ ಒಮ್ಮೆ ಮಾತ್ರ ನಿಲ್ಲಬೇಕು, ಒಳಗೆ ಬಾಣದ ಕೀಲಿಗಳು ಓಡಾಡಿಸಬೇಕು, ಎಸ್ಕೇಪ್ ಒತ್ತಿದರೆ ಡಯಲಾಗ್ ಏನನ್ನೂ ಬದಲಿಸದೆ ಮುಚ್ಚಬೇಕು.