ಮಂಗಳೂರಿನಲ್ಲಿ ಒಂದೇ ದಿನ ಐದಾರು ಕಾಫಿ ಅಂಗಡಿ ಸುತ್ತಬಹುದಾ?

ಪ್ರಶ್ನೆ: ಹುಬ್ಬಳ್ಳಿಯಿಂದ ಒಂದು ಭಾನುವಾರದ ಮಟ್ಟಿಗೆ ಮಂಗಳೂರಿಗೆ ಬರುತ್ತಿದ್ದೇನೆ. ದೊಡ್ಡ ಕಂಪನಿಗಳ ಅಂಗಡಿ ಬೇಡ, ಊರಿನವರೇ ನಡೆಸುವ ಸಣ್ಣ ಕಾಫಿ ಅಂಗಡಿಗಳನ್ನು ನೋಡಬೇಕು. ಒಂದು ದಿನದಲ್ಲಿ ಐದಾರು ಆಗುತ್ತದಾ? ರಾತ್ರಿ ಬಸ್ಸಿಗೆ ವಾಪಸ್.

ಸುತ್ತುವುದಕ್ಕೆ ಐದಾರು ಆರಾಮಾಗಿ ಆಗುತ್ತದೆ. ಕುಡಿಯುವುದಕ್ಕೆ ಆಗುವುದಿಲ್ಲ. ಮಾಡಿ ನೋಡಿ ಸುಸ್ತಾದವನು ಹೇಳುತ್ತಿದ್ದೇನೆ.

ಎರಡು ವರ್ಷದ ಹಿಂದೆ, ಜೂನ್ ತಿಂಗಳು. ನಾನು ಮತ್ತು ಒಬ್ಬ ಗೆಳೆಯ ಹೀಗೇ ಹಟ ಹಿಡಿದು ಹೊರಟೆವು. ಬೆಳಿಗ್ಗೆ ತಿಂಡಿ ಇಲ್ಲ, ಹೊಟ್ಟೆಯಲ್ಲಿ ಜಾಗ ಇರಲಿ ಅಂತ. ಒಂದು ಕಡೆ ಕ್ಯಾಪುಚಿನೋ, ಇನ್ನೊಂದು ಕಡೆ ಪೋರ್ ಓವರ್ (ಪುಡಿಯ ಮೇಲೆ ಬಿಸಿನೀರು ಸುರಿದು ಸೋಸಿದ್ದು), ಮತ್ತೊಂದು ಕಡೆ ಕೋಲ್ಡ್ ಬ್ರೂ (ತಣ್ಣೀರಿನಲ್ಲಿ ನೆನೆಸಿಟ್ಟು ಸೋಸಿದ್ದು), ಆಮೇಲೆ ಕಿತ್ತಳೆ ರಸ ಹಾಕಿದ ಎಂತದೋ ಒಂದು. ಐದನೇ ಅಂಗಡಿಗೆ ಬರುವಾಗ ಕೈ ಸಣ್ಣಗೆ ನಡುಗುತ್ತಿತ್ತು, ಎದೆ ಡಬಡಬ. ಸೆಕೆಗೆ ಹೀಗೆ ಅಂದುಕೊಂಡೆ. ರಾತ್ರಿ ಎರಡೂವರೆಯವರೆಗೆ ಹಂಚಿನ ಮೇಲೆ ಮಳೆ ಬೀಳುವುದನ್ನು ಕೇಳುತ್ತಾ ಮಲಗಿದ್ದೆ. ಮರುದಿನ ಮೊಬೈಲಿನಲ್ಲಿ ಬರೆದಿಟ್ಟದ್ದನ್ನು ತೆಗೆದು ನೋಡಿದರೆ ಹೀಗಿತ್ತು: ಒಂದನೆಯದು ‘ಚೆನ್ನಾಗಿದೆ’. ಎರಡನೆಯದು ‘ಇದೂ ಚೆನ್ನಾಗಿದೆ’. ಮೂರನೆಯದು ‘ಹುಳಿ’. ನಾಲ್ಕನೆಯದಕ್ಕೆ ಏನೂ ಇಲ್ಲ. ಐದನೆಯದು ‘ನೀರು ಬೇಕು’. ಇಷ್ಟಕ್ಕೆ ಅಷ್ಟು ದುಡ್ಡು ಕೊಟ್ಟದ್ದು!

ಲೆಕ್ಕ ಸುಲಭ. ಆರೋಗ್ಯವಾಗಿರುವ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ ಕೆಫೀನ್ ಆಗಬಹುದು ಅಂತ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳುತ್ತದೆ. ಒಂದು ಶಾಟ್ ಎಸ್ಪ್ರೆಸೊದಲ್ಲಿ, ಅಂದರೆ ಯಂತ್ರದ ಒತ್ತಡದಲ್ಲಿ ಇಳಿಸಿದ ಒಂದು ಗುಟುಕು ಗಟ್ಟಿ ಕಾಫಿಯಲ್ಲಿ, ಸುಮಾರು 60 ಇರುತ್ತದೆ. ದೊಡ್ಡ ಕಪ್ ಪೋರ್ ಓವರ್‌ನಲ್ಲಿ ಸುಲಭವಾಗಿ 100 ದಾಟುತ್ತದೆ. ಕಾಫಿಯಲ್ಲಿ ಮುಖ್ಯವಾಗಿ ಎರಡು ಜಾತಿ, ಅರೇಬಿಕಾ ಮತ್ತು ರೊಬಸ್ಟಾ; ರೊಬಸ್ಟಾ ಬೀಜವಾದರೆ ಕೆಫೀನ್ ಅರೇಬಿಕಾದ ಸುಮಾರು ಎರಡು ಪಟ್ಟು. ಕುಡಿದದ್ದರಲ್ಲಿ ಅರ್ಧ ಇಳಿಯುವುದಕ್ಕೇ ಐದು ಗಂಟೆ ಹತ್ತಿರ ಬೇಕು. ನಿಮ್ಮದು ರಾತ್ರಿ ಬಸ್ಸು. ಮಧ್ಯಾಹ್ನ ಮೂರರ ಮೇಲೆ ಕಪ್ ಮುಟ್ಟಬೇಡಿ. ಇಲ್ಲವಾದರೆ ಸ್ಲೀಪರ್ ಟಿಕೆಟ್ ದಂಡ.

ಈಗ ನಾನು ಮಾಡುವ ಕ್ರಮ ಬೇರೆ. ಎಲ್ಲಾ ಕಡೆ ಒಂದೇ ಬಗೆಯ ಕಾಫಿ ಕೇಳುತ್ತೇನೆ, ಹಾಲಿಲ್ಲದ್ದು. ಅದನ್ನೂ ಇಬ್ಬರಿಗೆ ಒಂದು. ಖಾಲಿ ಕಪ್ ಇನ್ನೊಂದು ಕೊಡಿ ಅಂದರೆ ಯಾರೂ ಮುಖ ಗಂಟು ಹಾಕಿದ್ದಿಲ್ಲ. ಒಂದು ಕಡೆ ಲಾಟೆ, ಇನ್ನೊಂದು ಕಡೆ ಐಸ್ ಹಾಕಿದ್ದು ಕುಡಿದರೆ ಅಂಗಡಿ ಅಂಗಡಿಗೆ ಏನು ವ್ಯತ್ಯಾಸ ಅಂತ ನಾಲಿಗೆಗೆ ಗೊತ್ತಾಗುವುದಾದರೂ ಹೇಗೆ? ಒಬ್ಬರೇ ಬರುವುದಾದರೆ ಮೂರು ಕಪ್‌ಗೆ ನಿಲ್ಲಿಸಿ, ಉಳಿದ ಅಂಗಡಿಗಳಲ್ಲಿ ಸುಮ್ನೆ ಕೇಕ್ ತಿನ್ನಿ.

ಆದರೆ ದಿನದ ಮೊದಲ ಕಾಫಿಗೆ ಈ ನಿಯಮ ಇಲ್ಲ. ಹೊಸ ಕೆಫೆಗಳು ಬಾಗಿಲು ತೆಗೆಯುವುದೇ ತಡ, ಹತ್ತು ಹನ್ನೊಂದು ಗಂಟೆ. ಹೋಟೆಲಿನ ಫಿಲ್ಟರ್‌ನಲ್ಲಿ ಮೊದಲ ಡಿಕಾಕ್ಷನ್ ಇಳಿಯುವುದು ಬೆಳಿಗ್ಗೆ. ಹಾಗಾಗಿ ಏಳು ಗಂಟೆಗೆ ಹಂಪನಕಟ್ಟೆ ಕಡೆಯ ಯಾವುದಾದರೂ ಹಳೆಯ ಸಸ್ಯಾಹಾರಿ ಹೋಟೆಲಿಗೆ ಹೋಗಿ, ಎರಡು ಬನ್ಸ್ ತಿಂದು, ಮೇಲೆ ಒಂದು ಕಾಫಿ ಕುಡಿಯಿರಿ. ಅದರಲ್ಲಿ ಚಿಕೋರಿ ಇರುತ್ತದೆ. ಅದೊಂದು ಬೇರು, ಹುರಿದು ಪುಡಿ ಮಾಡಿದ್ದು. ಕೆಫೀನ್ ಇಲ್ಲ, ಕಾಫಿಗೆ ಬಣ್ಣ ಮತ್ತು ದಪ್ಪ ಕೊಡುತ್ತದೆ. ಹೊಸ ಕೆಫೆಯವರು ಚಿಕೋರಿ ಅಂದರೆ ಮೂಗು ಮುರಿಯುತ್ತಾರೆ. ನನಗಂತೂ ಬನ್ಸ್ ಜೊತೆಗೆ ಚಿಕೋರಿ ಇಲ್ಲದ ಕಾಫಿ ತೆಳ್ಳಗೆ ಅನ್ನಿಸುತ್ತದೆ. ಇದೂ ಊರಿನವರದೇ ಅಂಗಡಿ ಅಲ್ವಾ? ನಿಮ್ಮ ಲೆಕ್ಕದಲ್ಲಿ ಒಂದು ಸೇರಿತು.

ಆಮೇಲೆ ಜ್ಯೋತಿ, ಬಲ್ಮಠ, ಬೆಂದೂರು, ಕದ್ರಿ ಹೀಗೆ ಏರುತ್ತಾ ಹೋಗಿ. ಸಣ್ಣ ಕೆಫೆಗಳು ನನಗೆ ಹೆಚ್ಚಾಗಿ ಸಿಕ್ಕಿದ್ದು ಈ ಕಡೆಯೇ. ಹೆಸರು ಬರೆಯುತ್ತಿಲ್ಲ, ಯಾಕೆಂದರೆ ಇವು ಬೇಗ ಬೇಗ ಜಾಗ ಬದಲಿಸುತ್ತವೆ, ಕೆಲವು ಮುಚ್ಚಿಯೇ ಹೋಗುತ್ತವೆ. ಒಂದು ಸಲ ಮ್ಯಾಪ್ ನಂಬಿ ಹೋದರೆ ಅಲ್ಲಿ ಮೊಬೈಲ್ ರಿಪೇರಿ ಅಂಗಡಿ ಇತ್ತು. ಕೂತದ್ದು ಒಳ್ಳೆಯ ಅಂಗಡಿಯೋ ಅಲ್ಲವೋ ತಿಳಿಯಲು ಒಂದೇ ಪ್ರಶ್ನೆ ಸಾಕು: ‘ಬೀಜ ಎಲ್ಲಿಂದ, ಯಾವಾಗ ಹುರಿದದ್ದು?’ ಉತ್ತರ ಥಟ್ ಅಂತ ಬಂದರೆ ಕೂರಿ. ಚಿಕ್ಕಮಗಳೂರು ಅಂತ ಎಲ್ಲರೂ ಹೇಳುತ್ತಾರೆ. ತಾರೀಕು ಹೇಳುವವರು ಕಡಿಮೆ. ಕೆಲವರು ತಳಿಯ ಹೆಸರನ್ನೂ ಹೇಳುತ್ತಾರೆ. ಎಸ್ 795 ಅಂದರೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ಬಂದ ಅರೇಬಿಕಾ ತಳಿ, ನಮ್ಮ ಘಟ್ಟದ ತೋಟಗಳಲ್ಲಿ ಬೇಕಾದಷ್ಟು ಉಂಟು. ಕೆಫೆಗಳಲ್ಲಿ ಮೊದಲ ಕಪ್ ಅದೇ ಇರಲಿ.

ಕೊನೆಯ ಕಪ್‌ಗೆ ಮಾತ್ರ ‘ಮಾನ್ಸೂನ್ಡ್ ಮಲಬಾರ್’, ಅಂದರೆ ಮಳೆಗಾಳಿಗೆ ಹದಗೊಳಿಸಿದ ಬೀಜದ ಕಾಫಿ, ಇದೆಯಾ ಅಂತ ಕೇಳಿ. ಮಂಗಳೂರಿಗೆ ಬಂದು ಇದನ್ನು ಕೇಳದೆ ಹೋಗುವುದು ಉಡುಪಿಗೆ ಹೋಗಿ ಕನಕನ ಕಿಂಡಿ ನೋಡದೆ ಬಂದ ಹಾಗೆ. ಹಿಂದೆ ಹಾಯಿ ಹಡಗಿನಲ್ಲಿ ಈ ಕರಾವಳಿಯಿಂದ ಯುರೋಪಿಗೆ ಕಾಫಿ ಹೋಗುತ್ತಿದ್ದಾಗ ಆಫ್ರಿಕಾ ಸುತ್ತಿ ತಿಂಗಳುಗಟ್ಟಲೆ ಆಗುತ್ತಿತ್ತು. ಮರದ ಹಡಗು, ಸಮುದ್ರದ ತೇವ. ಹಸಿರು ಬೀಜ ಊದಿಕೊಂಡು ಹಳದಿಗೆ ತಿರುಗಿ, ಹುಳಿ ಕಳೆದುಕೊಳ್ಳುತ್ತಿತ್ತು. ಅಲ್ಲಿಯವರಿಗೆ ಆ ರುಚಿಯೇ ಅಭ್ಯಾಸವಾಯಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಉಗಿ ಹಡಗು ಬಂತು, ಪ್ರಯಾಣ ಚಿಕ್ಕದಾಯಿತು. ಬೀಜ ಬಣ್ಣ ಬದಲಿಸುವುದಕ್ಕೆ ಮೊದಲೇ ತಲುಪತೊಡಗಿತು. ‘ನಮ್ಮ ಹಳೆಯ ಕಾಫಿ ಎಲ್ಲಿ?’ ಅಂತ ಗಿರಾಕಿಗಳ ದೂರು. ಅದಕ್ಕೇ ಇಲ್ಲಿಯ ಕ್ಯೂರಿಂಗ್ ವರ್ಕ್ಸ್‌ನವರು (ಕಾಫಿ ಬೀಜ ಸಂಸ್ಕರಿಸುವ ಕಾರ್ಖಾನೆಯವರು) ಹಡಗಿನ ಕೆಲಸವನ್ನು ಮಳೆಗಾಳಿಗೆ ಒಪ್ಪಿಸಿದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಬದಿ ತೆರೆದ ಗೋದಾಮಿನಲ್ಲಿ ಬೀಜ ಹರಡುತ್ತಾರೆ, ಕೆದಕುತ್ತಾರೆ, ಗೋಣಿಯಲ್ಲಿ ಸಡಿಲವಾಗಿ ತುಂಬಿ ಗಾಳಿ ಆಡುವ ಹಾಗೆ ಸಾಲು ಇಡುತ್ತಾರೆ. ಈಗ ಇದಕ್ಕೆ ಜಿಐ ಗುರುತೂ ಇದೆ, ಅಂದರೆ ಇದು ಈ ಪ್ರದೇಶದ್ದೇ ಅನ್ನುವ ಕಾನೂನಿನ ಮಾನ್ಯತೆ. ಹೆಚ್ಚಿನ ಪಾಲು ಹೊರದೇಶಕ್ಕೇ ಹೋಗುತ್ತದೆ. ನಮ್ಮ ಮೂಗಿನ ಕೆಳಗೇ ಆದದ್ದು ನಮಗೇ ಸಿಗುವುದು ಅಪರೂಪ.

ಮೊದಲ ಸಲ ಕುಡಿದಾಗ ನನಗೆ ಹಳೆಯ ಗೋಣಿಯ ವಾಸನೆ ಅನ್ನಿಸಿತ್ತು. ಈಗ ಇಷ್ಟ. ಹುಳಿ ಇಲ್ಲ, ಗಟ್ಟಿ, ಮಣ್ಣಿನ ಪರಿಮಳ. ನಾಲಿಗೆ ಮೇಲೆ ಕೂತೇ ಬಿಡುತ್ತದೆ, ಅದಕ್ಕೇ ಕೊನೆಗೆ ಇಡಬೇಕು. ಇದಕ್ಕೆ ಹಾಲು ಹಾಕಿದರೂ ನಾನು ತಕರಾರು ಮಾಡುವುದಿಲ್ಲ. ಇದನ್ನು ಮಾಡಿಕೊಟ್ಟ ಹುಡುಗ ಒಂದು ಮಾತು ಹೇಳಿದ್ದ: “ಮಳೆ ಬಂತಾದರೆ ದಿನಕ್ಕೆ ಮೂರು ಸಲ ಗ್ರೈಂಡರ್ ತಿರುಗಿಸಬೇಕು ಮಾರಾಯ್ರೆ.” ಅಂದರೆ ಪುಡಿ ಎಷ್ಟು ನುಣ್ಣಗೆ ಅನ್ನುವುದನ್ನು ಬದಲಿಸಬೇಕು: ಗಾಳಿಯ ತೇವಕ್ಕೆ ಪುಡಿ ಬೇರೆಯೇ ಆಗುತ್ತದೆ, ನೀರು ಇಳಿಯುವ ವೇಗ ತಪ್ಪುತ್ತದೆ. ಮಳೆಗಾಲದಲ್ಲಿ ಒಂದೇ ಅಂಗಡಿಯ ಕಾಫಿ ಬೆಳಿಗ್ಗೆ ಒಂದು ರೀತಿ, ಸಂಜೆ ಇನ್ನೊಂದು ರೀತಿ ಯಾಕೆ ಇರುತ್ತದೆ ಅಂತ ಆವತ್ತು ತಿಳಿಯಿತು.

ಕಪ್ ಕಪ್‌ಗೆ ನಡುವೆ ಕನಿಷ್ಠ ಒಂದು ಗಂಟೆ ಬಿಡಿ. ಕದ್ರಿ ದೇವಸ್ಥಾನದ ಮೇಲೆ ಕೆರೆಗಳಿವೆ, ಅಲ್ಲಿ ಹೋಗಿ ಕೂತರೆ ಆ ಗಂಟೆ ಕಳೆದದ್ದೇ ಗೊತ್ತಾಗುವುದಿಲ್ಲ. ಮಧ್ಯಾಹ್ನ ಊಟ ಬಿಡಬೇಡಿ, ನನ್ನ ಹಾಗೆ.

ಇನ್ನೊಂದು. ಸಾಧ್ಯವಾದರೆ ಶನಿವಾರ ಬನ್ನಿ. ಭಾನುವಾರ ಹಂಪನಕಟ್ಟೆಯಲ್ಲಿ ಎಷ್ಟೋ ಅಂಗಡಿಗಳು ಬಾಗಿಲು ಹಾಕಿರುತ್ತವೆ, ಕೆಫೆಗಳಲ್ಲಿ ಕೂರಲು ಜಾಗ ಇರುವುದಿಲ್ಲ, ಮಾಡಿಕೊಡುವವರಿಗೆ ಮಾತಾಡಲು ಪುರುಸೊತ್ತೂ ಇಲ್ಲ. ಹೋಗುವಾಗ ಕಾಲು ಕಿಲೋ ಬೀಜ ತೆಗೆದುಕೊಳ್ಳಿ, ಮನೆಯಲ್ಲಿ ಗ್ರೈಂಡರ್ ಇಲ್ಲದಿದ್ದರೆ ಅಲ್ಲೇ ಪುಡಿ ಮಾಡಿಸಿ, ‘ಫಿಲ್ಟರ್‌ಗೆ’ ಅಂತ ಹೇಳಿ. ಬಿಜೈ ಬಸ್ ನಿಲ್ದಾಣಕ್ಕೆ ಕದ್ರಿಯಿಂದ ಆಟೋದಲ್ಲಿ ಹತ್ತು ನಿಮಿಷ ಸಾಕು. ಪೊಟ್ಟಣವನ್ನು ತಲೆಯ ಹತ್ತಿರ ಮಾತ್ರ ಇಟ್ಟುಕೊಳ್ಳಬೇಡಿ. ಆ ಪರಿಮಳಕ್ಕೇ ಎಚ್ಚರವಾಗುತ್ತದೆ.