9 ಡಾಲರ್ ಪಿಚ್ಚರ್ ಮತ್ತು ಹಾಸ್ಟೆಲ್ ಗೆಳೆತನ: ಒಂದು ಆಪ್ತಸಲಹೆ ಪ್ರಕರಣ

(ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಹೆಸರು, ಊರು, ಕೆಲಸದ ವಿವರ ಬದಲಿಸಿದ್ದೇನೆ.)

ಮಧು ಅವರಿಗೆ ನಲವತ್ತು ದಾಟಿದೆ. ನ್ಯೂಜೆರ್ಸಿಯಲ್ಲಿ ಸಾಫ್ಟ್‌ವೇರ್ ಕೆಲಸ, ಹೆಂಡತಿ, ಇಬ್ಬರು ಮಕ್ಕಳು. ವೀಡಿಯೊ ಕರೆಯಲ್ಲಿ ಮೊದಲ ಸಲ ಮಾತಾಡಿದಾಗ ನಿದ್ದೆ ಬರುತ್ತಿಲ್ಲ, ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ ಅಂದರು. ಕಾರಣ ಕೇಳಿದರೆ ಆಫೀಸು, ಲೇಆಫ್ ಭಯ ಅಂತ ಹೇಳಿಕೊಂಡು ಹೋದರು. ಎರಡನೇ ಭೇಟಿಯಲ್ಲಿ ಅವರ ಹೆಂಡತಿ ಪಕ್ಕದಿಂದ ತಲೆ ಹಾಕಿ ಒಂದೇ ಪ್ರಶ್ನೆ ಕೇಳಿದರು: "ಮೇಡಂ, ಬೇಸ್‌ಬಾಲ್ ವಿಷಯ ಹೇಳಿದ್ರಾ ಇವ್ರು?"

ಹೇಳಿರಲಿಲ್ಲ. ಹೇಳಲು ಅವರಿಗೆ ನಾಚಿಕೆ. ಮನೆ ಸಾಲ, ಮಕ್ಕಳ ಓದು ಅಂತ ಇರುವ ಮನುಷ್ಯ ಒಂದು ಆಟದ ಜಗಳಕ್ಕೆ ನಿದ್ದೆಗೆಡುತ್ತಾನೆ ಅಂದರೆ ಯಾರಾದರೂ ನಗುತ್ತಾರೆ ಎಂಬ ಅಳುಕು. ನನಗೆ ನಗು ಬರಲಿಲ್ಲ. ಆಸ್ತಿ ಪಾಲಿನ ಜಗಳಕ್ಕೂ ಇದಕ್ಕೂ ಒಳಗಿನ ನೋವು ಅಷ್ಟೇನೂ ಬೇರೆಯಲ್ಲ.

ಮಧು ಆಡುವುದು ಫ್ಯಾಂಟಸಿ ಬೇಸ್‌ಬಾಲ್, ಅಂದರೆ ನಿಜವಾದ ಆಟಗಾರರ ಸಾಧನೆ ಎಣಿಸಿ ಗೆಳೆಯರು ಕಾಗದದ ಮೇಲೆ ಆಡುವ ಆಟ. ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 30 ತಂಡಗಳಿವೆ, ಒಂದೊಂದೂ ಸೀಸನ್ನಿಗೆ 162 ಪಂದ್ಯ ಆಡುತ್ತದೆ. ಆ ಆಟಗಾರರನ್ನು ನೀವು ನಿಮ್ಮ ಕಾಗದದ ಮೇಲಿನ ತಂಡಕ್ಕೆ ಹರಾಜಿನಲ್ಲಿ ಕೊಳ್ಳುತ್ತೀರಿ. ಅವರು ನಿಜವಾದ ಮೈದಾನದಲ್ಲಿ ಹೊಡೆದ ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ), ಕದ್ದ ಬೇಸ್ (ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡಿ ಸೇರುವುದು), ಪಿಚ್ಚರ್ ಅಂದರೆ ಚೆಂಡು ಎಸೆಯುವವನು ಪಡೆದ ಸ್ಟ್ರೈಕ್‌ಔಟ್ (ಬ್ಯಾಟರ್‌ನನ್ನು ಔಟ್ ಮಾಡುವ ಒಂದು ಬಗೆ) ಎಲ್ಲ ನಿಮ್ಮ ಖಾತೆಗೆ. 1980ರಲ್ಲಿ ಡೇನಿಯಲ್ ಓಕ್ರೆಂಟ್ ಎಂಬ ಬರಹಗಾರ ಮತ್ತು ಗೆಳೆಯರು ನ್ಯೂಯಾರ್ಕಿನಲ್ಲಿ ಶುರು ಮಾಡಿದ್ದು ಇದು. ಅವರು ಊಟಕ್ಕೆ ಸೇರುತ್ತಿದ್ದ ಫ್ರೆಂಚ್ ಹೋಟೆಲಿನ ಹೆಸರಿನಿಂದ ಅದಕ್ಕೆ ರೋಟಿಸರಿ ಲೀಗ್ ಅಂತ ಹೆಸರಾಯಿತು. ತಲಾ 260 ಡಾಲರ್ ಹರಾಜಿನ ದುಡ್ಡು, 23 ಆಟಗಾರರು ಎಂಬ ಲೆಕ್ಕ ಬಹಳ ಲೀಗ್‌ಗಳಲ್ಲಿ ಚಾಲ್ತಿಯಲ್ಲಿದೆ. ಆ ದುಡ್ಡು ಬರೀ ಲೆಕ್ಕಕ್ಕೆ.

ಮಧು ಅವರದ್ದು 'ಕೀಪರ್' ಲೀಗ್. ಐಪಿಎಲ್‌ನಲ್ಲಿ ಹರಾಜಿಗೆ ಮೊದಲು ರಿಟೆನ್ಷನ್ ಇರುತ್ತಲ್ಲ, ಹಾಗೆ ಪ್ರತಿ ತಂಡ ವರ್ಷಕ್ಕೆ 6 ಆಟಗಾರರನ್ನು ಉಳಿಸಿಕೊಳ್ಳಬಹುದು. ಒಂದು ದಿನದ ಪಂದ್ಯಕ್ಕೆ ತಂಡ ಕಟ್ಟಿ ಮರೆತುಬಿಡುವ ಆಟ ಇದಲ್ಲ. ಇವತ್ತಿನ ಒಂದು ತೀರ್ಮಾನದ ಫಲ ಮೂರು ವರ್ಷ ಬಿಟ್ಟು ಸಿಗುತ್ತದೆ. ಹಾಗೆಯೇ ಇವತ್ತಿನ ಅನ್ಯಾಯಕ್ಕೆ ಬಡ್ಡಿ ಬೆಳೆಯುತ್ತಾ ಹೋಗುತ್ತದೆ.

ಲೀಗ್‌ನ ಹನ್ನೆರಡು ಜನರಲ್ಲಿ ಏಳು ಮಂದಿ ಒಂದೇ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್‌ನವರು, ಉಳಿದವರು ಅಮೆರಿಕನ್ ಸಹೋದ್ಯೋಗಿಗಳು. ಬೇಸ್‌ಬಾಲ್ ಸೀಸನ್ ಶುರುವಾಗುವುದು ಮಾರ್ಚ್ ಕೊನೆಗೆ. ಹಾಗಾಗಿ ಹರಾಜು ಯುಗಾದಿ ಆಸುಪಾಸಿಗೇ ಬರುತ್ತದೆ, ಯಾರದ್ದಾದರೂ ಮನೆಯಲ್ಲಿ ಒಬ್ಬಟ್ಟಿನ ಊಟದ ಜೊತೆ ನಡೆಯುತ್ತದೆ. ಮಧು ಶುರುವಿನಿಂದಲೂ ಕಮಿಷನರ್: ನಿಯಮ ನೋಡಿಕೊಳ್ಳುವುದು, ವರ್ಷದ ಶುಲ್ಕ ಸೇರಿಸುವುದು, ಜಗಳ ಬಂದರೆ ತೀರ್ಪು ಹೇಳುವುದು ಎಲ್ಲ ಅವರೇ. ತಂಡವೂ ಇದೆ ಅವರದ್ದು. ಗಂಟು ಬಿದ್ದಿದ್ದೇ ಅಲ್ಲಿ.

ಶೋಹೇ ಓತಾನಿ ಎಂಬ ಜಪಾನಿ ಆಟಗಾರ ಬ್ಯಾಟಿಂಗ್‌ನಲ್ಲೂ ಪಿಚ್ಚಿಂಗ್‌ನಲ್ಲೂ ಮೊದಲ ಸಾಲಿನವನು. ಫ್ಯಾಂಟಸಿ ಆಟದ ಲೆಕ್ಕಕ್ಕೆ ಅವನೊಬ್ಬ ತಲೆನೋವು. ಕೆಲವು ಆ್ಯಪ್‌ಗಳು ಅವನನ್ನು ಬ್ಯಾಟರ್ ಒಬ್ಬ, ಪಿಚ್ಚರ್ ಒಬ್ಬ ಅಂತ ಇಬ್ಬರಾಗಿ ತೋರಿಸುತ್ತವೆ. ಮಧು ಲೀಗ್‌ನಲ್ಲಿ ಅವನು ಪ್ರವೀಣನ ತಂಡದಲ್ಲಿದ್ದ. ಪ್ರವೀಣ ಅಂದರೆ ಹಾಸ್ಟೆಲ್ ರೂಮ್‌ಮೇಟ್. ಮಧು ಅಮೆರಿಕಕ್ಕೆ ಬಂದ ಹೊಸದರಲ್ಲಿ ಅವನ ಸೋಫಾ ಮೇಲೆ ತಿಂಗಳುಗಟ್ಟಲೆ ಮಲಗಿದ್ದರು. 2023ರಲ್ಲಿ ಓತಾನಿಗೆ ಮೊಣಕೈ ಶಸ್ತ್ರಚಿಕಿತ್ಸೆ ಆಯಿತು. 2024ರಲ್ಲಿ ಪಿಚ್ಚಿಂಗ್ ಮಾಡಲೇ ಇಲ್ಲ, ಆದರೂ 54 ಹೋಮ್ ರನ್ ಹೊಡೆದು 59 ಬೇಸ್ ಕದ್ದ. ಅಷ್ಟು ದಿನ ಇವರ ಲೀಗ್‌ನಲ್ಲಿ ಅವನ ಬಗ್ಗೆ ಯಾವ ನಿಯಮವೂ ಇರಲಿಲ್ಲ. ಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ.

2025ರ ಹರಾಜಿಗೆ ಮೊದಲು ಪ್ರಶ್ನೆ ಬಂತು. ಓತಾನಿ ಒಬ್ಬ ಕೀಪರ್ರಾ, ಇಬ್ಬರಾ? ಒಬ್ಬನೇ ಅಂದ ಪ್ರವೀಣ. ಮಧು ಒಂದೇ ಸಂಜೆಯಲ್ಲಿ ತೀರ್ಪು ಕೊಟ್ಟುಬಿಟ್ಟರು: ಆ್ಯಪ್ ಇಬ್ಬರು ಅಂತ ತೋರಿಸುತ್ತೆ, ಇಬ್ಬರೇ. ಪ್ರವೀಣನಿಗೆ ಆರರಲ್ಲಿ ಎರಡು ಜಾಗ ಕಳೆಯಲು ಮನಸ್ಸಾಗದೆ ಪಿಚ್ಚರ್ ಭಾಗವನ್ನು ಕೈಬಿಟ್ಟ. ಅದು ಹರಾಜಿಗೆ ಬಂತು. ಓತಾನಿ ಮತ್ತೆ ಎಂದು ಪಿಚ್ ಮಾಡುತ್ತಾನೋ ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ಹೆಚ್ಚಿಗೆ ಯಾರೂ ಕೂಗಲಿಲ್ಲ. 9 ಡಾಲರಿಗೆ ಕೊಂಡವರು ಮಧು.

ಜೂನ್ 16ರಂದು ಓತಾನಿ ತನ್ನ ಡಾಡ್ಜರ್ಸ್ ತಂಡದ ಪರ ಮೊದಲ ಸಲ ಪಿಚ್ ಮಾಡಿದ. ಅದೇ ರಾತ್ರಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪ್ರವೀಣನ ಒಂದು ಸಾಲು: "ಕಂಗ್ರಾಟ್ಸ್ ಜಡ್ಜ್ ಸಾಹೇಬ್ರೇ." ಆಮೇಲೆ ಗುಂಪು ಬಿಟ್ಟು ಹೋದ. ಇನ್ನೊಬ್ಬ ಗೆಳೆಯ 'ಬೇಲಿಯೇ ಎದ್ದು ಹೊಲ ಮೇಯ್ದರೆ' ಅಂತ ಅರ್ಧ ಗಾದೆ ಹಾಕಿ ನಗುವ ಇಮೋಜಿ ಒತ್ತಿದ. ಕನ್ನಡ ಸಂಘದ ಪಿಕ್‌ನಿಕ್‌ನಲ್ಲಿ ಎರಡೂ ಮನೆಯವರು ಬೇರೆ ಬೇರೆ ಮೂಲೆಗೆ ಚಾಪೆ ಹಾಕಿದರು.

ಮಧು ನನ್ನ ಹತ್ತಿರ ಬರುವಾಗ ಪುರಾವೆ ಕಟ್ಟಿಕೊಂಡೇ ಬಂದಿದ್ದರು. ಹಳೆಯ ಇಮೇಲ್, ಬೇರೆ ಲೀಗ್‌ಗಳ ನಿಯಮ, ಸ್ಕ್ರೀನ್‌ಶಾಟ್. "ನೀವೇ ಹೇಳಿ ಮೇಡಂ, ನಾನು ಹೇಳಿದ್ದರಲ್ಲಿ ತಪ್ಪೇನಿದೆ?" ತೀರ್ಪನ್ನು ತೀರ್ಪಾಗಿ ನೋಡಿದರೆ ತಪ್ಪೇನೂ ಇರಲಿಲ್ಲ. ಇಬ್ಬರು ಅನ್ನುವ ಲೀಗ್‌ಗಳೂ ಇವೆ, ಒಬ್ಬ ಅನ್ನುವವೂ ಇವೆ. ಆದರೆ ಪ್ರವೀಣನ ಸಿಟ್ಟು ತೀರ್ಪಿನ ಮೇಲಲ್ಲ. ನಿಯಮ ಇಲ್ಲದ ಜಾಗದಲ್ಲಿ, ತನ್ನನ್ನು ಒಂದು ಮಾತು ಕೂರಿಸಿ ಕೇಳದೆ, ಲಾಭ ಪಡೆಯಬಹುದಾದವನೇ ನಿಯಮ ಬರೆದ ಎಂಬುದರ ಮೇಲೆ. ಮಧು ಲಾಭಕ್ಕಾಗಿ ಬರೆದರು ಅಂತ ನನಗನ್ನಿಸಲಿಲ್ಲ. ಪ್ರವೀಣನಿಗೆ ಅದು ಕಾಣುವುದಾದರೂ ಹೇಗೆ?

ನನ್ನ ಮೊದಲ ಸಲಹೆ: ಗುಂಪಿನಲ್ಲಿ ಇನ್ನು ಒಂದಕ್ಷರ ಬರೆಯಬೇಡಿ. ಪ್ರವೀಣನಿಗೆ ಫೋನ್ ಮಾಡಿ, ಅದೂ ಒಂದೇ ಮಾತು ಹೇಳಲಿಕ್ಕೆ. ಆ ಮಾತನ್ನು ನನ್ನ ಮುಂದೆ ಅಭ್ಯಾಸ ಮಾಡಿ ಅಂದೆ.

"ಪ್ರವೀಣ, ತೀರ್ಪು ಕೊಟ್ಟವನೂ ನಾನೇ, ಲಾಭ ಆಗಿದ್ದೂ ನನಗೇ. ಅದು ಸರಿಯಾಗಲಿಲ್ಲ ಕಣೋ. ಆದ್ರೆ ಆ್ಯಪ್‌ನಲ್ಲಿ..."

ನಿಲ್ಲಿಸಿದೆ. 'ಆದ್ರೆ' ಬೇಡ. ಮತ್ತೆ ಹೇಳಿದರು. ಈ ಸಲ 'ಆದ್ರೆ' ಹೋಗಿ 'ನಿನಗೂ ಗೊತ್ತಲ್ಲ' ಬಂತು. ಅದೂ ಬೇಡ ಅಂದೆ. ಮುಂದಿನ ಸಲ ಕಣೋ ವರೆಗೆ ಬಂದು ಬಾಯಿ ಮುಚ್ಚಿಕೊಂಡರು. ಮುಖ ಕೆಂಪಾಗಿತ್ತು. "ಇಷ್ಟೇ ಹೇಳಿ ಸುಮ್ನಿದ್ರೆ ನಾನು ಮೋಸ ಮಾಡ್ದೆ ಅಂತ ಒಪ್ಕೊಂಡ ಹಾಗಾಗಲ್ವಾ?" ಅಂದರು. ಆಗಲ್ಲ. ಮೋಸ ಮಾಡಿದೆ ಅಂತ ಎಲ್ಲೂ ಹೇಳಿಲ್ಲ. ಸಮರ್ಥನೆ ಕೂಡಿಸಿದ ಕೂಡಲೇ ಕೇಳುವವನ ಕಿವಿಗೆ ಬೀಳುವುದು ಸಮರ್ಥನೆ ಮಾತ್ರ.

ಮಧು ಮನಸ್ಸಿನಲ್ಲಿ ಇನ್ನೆರಡು ದಾರಿಗಳಿದ್ದವು. ಎರಡಕ್ಕೂ ನಾನು ಬೇಡ ಅಂದೆ. ಒಂದು, ಪಿಚ್ಚರ್‌ನನ್ನು ಈಗಲೇ ಪ್ರವೀಣನಿಗೆ ಸುಮ್ನೆ ಕೊಟ್ಟುಬಿಡುವುದು. ಕೇಳಲು ದೊಡ್ಡ ಮನಸ್ಸು ಅನ್ನಿಸುತ್ತದೆ. ಆದರೆ ಉಳಿದ ಹತ್ತು ಜನ ಆ ಹರಾಜಿನಲ್ಲಿ ಕೂತು ಲೆಕ್ಕ ಹಾಕಿ ಕೂಗಿದ್ದವರು. ಸೀಸನ್ ಮಧ್ಯೆ ಹಾಗೆ ಕೊಟ್ಟರೆ ಇಬ್ಬರ ರಾಜಿಗೆ ಹತ್ತು ಜನ ಬೆಲೆ ತೆತ್ತ ಹಾಗಾಗುತ್ತದೆ. ಇನ್ನೊಂದು, "ಕಮಿಷನರ್ ಕೆಲಸಾನೇ ಬಿಟ್ಬಿಡ್ತೀನಿ, ಯಾರಾದ್ರೂ ಮಾಡ್ಕೊಳ್ಳಿ". ಸಿಟ್ಟಿನಲ್ಲಿ ಕೊಡುವ ರಾಜೀನಾಮೆ ಇನ್ನೊಂದು ಏಟು ಅಷ್ಟೇ. ಬಿಡುವುದಿದ್ದರೆ ಸೀಸನ್ ಮುಗಿಸಿ, ಪುಸ್ತಕ, ದುಡ್ಡು ಲೆಕ್ಕ ಒಪ್ಪಿಸಿ ಬಿಡಿ.

ನಿಯಮಗಳ ಮಾತು ಇದೆಲ್ಲ ಆದಮೇಲೆ. ನಾನು ಕ್ರೀಡಾ ಪರಿಣತೆ ಅಲ್ಲ, ಆದರೆ ಗೆಳೆಯರ ಚೀಟಿ, ಅಣ್ಣತಮ್ಮಂದಿರ ಅಂಗಡಿ ನೋಡಿ ನೋಡಿ ಕೆಲವು ಸಂಗತಿ ಗೊತ್ತಾಗಿದೆ. ಮುಖ್ಯವಾದದ್ದು ಇದು: ಕಮಿಷನರ್ ತಂಡಕ್ಕೆ ಸಂಬಂಧ ತಗಲುವ ಯಾವ ವಿಷಯವನ್ನೂ ಕಮಿಷನರ್ ತೀರ್ಮಾನಿಸಬಾರದು. ಮೂವರನ್ನು ಮೊದಲೇ ಆರಿಸಿಡಿ, ಹಾಸ್ಟೆಲ್‌ನವರು ಮೂವರೂ ಇರಬಾರದು. ಆ ಮೂವರಲ್ಲಿ ಒಬ್ಬನ ತಂಡಕ್ಕೆ ಲಾಭ ನಷ್ಟ ಇದ್ದರೆ ಅವನು ಪಕ್ಕಕ್ಕೆ ಸರಿದು ನಾಲ್ಕನೆಯವನು ಬರಲಿ.

ಎರಡನೆಯದು ಸಮಯ. ಕೀಪರ್ ಲೀಗ್‌ನಲ್ಲಿ ಜನ ಇವತ್ತಿನ ನಿಯಮ ನಂಬಿ ನಾಳೆಯ ಆಟಗಾರನನ್ನು ಕೊಳ್ಳುತ್ತಾರೆ. ನಾಳೆ ನಿಯಮ ಬದಲಾದರೆ ಅವರು ಕೊಂಡದ್ದರ ಬೆಲೆಯೇ ಹೋಯಿತು. ಹಾಗಾಗಿ ಕೀಪರ್ ಸಂಖ್ಯೆ, ಓತಾನಿಯಂಥ ಪ್ರಶ್ನೆ, ಅಂಕ ಎಣಿಸುವ ರೀತಿ, ಇವನ್ನೆಲ್ಲ ಈ ಚಳಿಗಾಲದಲ್ಲಿ ಒಪ್ಪಿಕೊಂಡರೂ ಒಂದು ಪೂರ್ತಿ ಸೀಸನ್ ಬಿಟ್ಟು ಜಾರಿಗೆ ತನ್ನಿ. ಎಲ್ಲರೂ ಒಪ್ಪಿದರೆ ಮಾತ್ರ ಬೇಗ.

ಟ್ರೇಡ್, ಅಂದರೆ ಎರಡು ತಂಡಗಳ ನಡುವಿನ ಆಟಗಾರರ ಅದಲುಬದಲು, ರದ್ದು ಮಾಡಲು ವೋಟು ಹಾಕುವ ಪದ್ಧತಿ ಇವರಲ್ಲಿತ್ತು. ಅದನ್ನು ತೆಗೆಯಿರಿ ಅಂದೆ. ವೋಟು ಹಾಕುವವರಲ್ಲಿ ಬಹಳ ಜನ ನೋಡುವುದು ಆ ಟ್ರೇಡ್‌ನಿಂದ ಎದುರಾಳಿ ಬಲವಾಗುತ್ತಾನಾ ಅಂತ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನಿಸಿದರೂ ಕೋಡಂಗಿ ಆಗುವ ಹಕ್ಕು ಪ್ರತಿ ಮ್ಯಾನೇಜರಿಗೂ ಇದೆ. ತಡೆಯಬೇಕಾದ್ದು ಒಳಒಪ್ಪಂದ ಮಾತ್ರ, ಅಂದರೆ ಒಬ್ಬನನ್ನು ಗೆಲ್ಲಿಸಲೆಂದೇ ಇನ್ನೊಬ್ಬ ತನ್ನ ತಂಡ ಬರಿದು ಮಾಡುವುದು. ಅದನ್ನು ಆ ಮೂವರು ನೋಡಲಿ. ಮುಂದಿನ ವರ್ಷ ಆಟಗಾರರನ್ನು ಆರಿಸಿಕೊಳ್ಳುವ ತನ್ನ ಸರದಿಯನ್ನು ಈ ವರ್ಷವೇ ಮಾರುವವನು ಮುಂದಿನ ವರ್ಷದ ಶುಲ್ಕ ಈಗಲೇ ಕಟ್ಟಬೇಕು. ಇಲ್ಲದಿದ್ದರೆ ಇರುವುದೆಲ್ಲ ಮಾರಿ, ಕಪ್ ಎತ್ತಿ, ಮರುವರ್ಷ ಆಸಾಮಿ ನಾಪತ್ತೆ. ಖಾಲಿ ತಂಡ ಯಾವ ಹೊಸಬನ ತಲೆಗೆ ಕಟ್ಟುತ್ತೀರಿ?

ಕೊನೆ ಸ್ಥಾನದವನಿಗೆ ಮೊದಲ ಆಯ್ಕೆ ಎಂಬ ನಿಯಮದಿಂದ ಒಬ್ಬಿಬ್ಬರು ಬೇಕಂತಲೇ ಸೋಲುತ್ತಾರೆ ಎಂಬ ದೂರೂ ಇತ್ತು. ಇದಕ್ಕೆ ಮೇಜರ್ ಲೀಗೇ ಒಂದು ದಾರಿ ಮಾಡಿಕೊಂಡಿದೆ. ಹೊಸ ಆಟಗಾರರನ್ನು ಆರಿಸುವಾಗ ಪ್ಲೇಆಫ್‌ಗೆ ಹೋಗದ ತಂಡಗಳ ನಡುವೆ ಮೊದಲ 6 ಆಯ್ಕೆಗೆ ಲಾಟರಿ, 2022ರ ಡಿಸೆಂಬರಿನಿಂದ. ಆ ಮೊದಲ ಲಾಟರಿ ಗೆದ್ದದ್ದು ಪಿಟ್ಸ್‌ಬರ್ಗ್ ಪೈರೇಟ್ಸ್. ಆ ವರ್ಷ ಅವರಿಗಿಂತ ಹೆಚ್ಚು ಸೋತ ತಂಡವೂ ಇತ್ತು. ಮರುವರ್ಷ ಆ ಆಯ್ಕೆಯಲ್ಲಿ ಅವರು ತೆಗೆದುಕೊಂಡದ್ದು ಪಾಲ್ ಸ್ಕೀನ್ಸ್ ಎಂಬ ಪಿಚ್ಚರ್‌ನನ್ನು. ಇದನ್ನು ನನಗೆ ಹೇಳಿಕೊಟ್ಟವರು ಮಧು ಅವರೇ. ಆ ಹೊತ್ತಿಗೆ ಅವರ ಗಂಟಲಿನ ಬಿಗಿ ಸ್ವಲ್ಪ ಸಡಿಲಿಸಿತ್ತು.

ಫೋನ್ ಮಾಡಲು ಅವರಿಗೆ ಮೂರು ವಾರ ಬೇಕಾಯಿತು. ಹೇಳಬೇಕಾದ್ದನ್ನು ಹೇಳಿದರಂತೆ. ಆ ಕಡೆ ಬಹಳ ಹೊತ್ತು ಮಾತಿಲ್ಲ. ಆಮೇಲೆ ಪ್ರವೀಣ, "ಲೇ, ಒಂದು ಫೋನ್ ಮಾಡಿ ಕೇಳಿದ್ರೆ ನಾನೇ ಇಬ್ರು ಅಂತಿದ್ನೇನೋ" ಅಂದನಂತೆ. ಅನ್ನುತ್ತಿದ್ದನೋ ಇಲ್ಲವೋ, ಯಾರು ಬಲ್ಲರು. ಹಾಗಂತ ಅವನೇನೂ ಕರಗಿಬಿಡಲಿಲ್ಲ. ವಾಟ್ಸ್‌ಆ್ಯಪ್ ಗುಂಪಿಗೆ ಮರಳಲು ಇನ್ನೂ ಕೆಲವು ದಿನ ಹಿಡಿಯಿತು. ಗಾದೆ ಹಾಕಿದ್ದ ಗೆಳೆಯನ ಮೇಲೆ ಮಧುಗೆ ಮುನಿಸು ಉಳಿದೇ ಇದೆ, ಅದರ ಮಾತು ಇನ್ನೂ ನಡೆಯುತ್ತಿದೆ.

ಸೀಸನ್ ಮುಗಿದ ಮೇಲೆ ಮೂವರ ಸಮಿತಿ ಕೂತು ಓತಾನಿಯನ್ನು ಒಬ್ಬನೇ ಕೀಪರ್ ಅಂತ ಎಣಿಸುವುದು ಅಂದಿತು, 2027ರಿಂದ. ಅಲ್ಲಿವರೆಗೆ ಪಿಚ್ಚರ್ ಭಾಗವನ್ನು ಕೀಪರ್ ಆಗಿ ಉಳಿಸಿಕೊಳ್ಳುವುದಿಲ್ಲ, ಹರಾಜಿಗೆ ಬಿಡುತ್ತೇನೆ ಅಂತ ಮಧು ತಾವಾಗಿಯೇ ಬರೆದುಕೊಟ್ಟರು. ಕಮಿಷನರ್ ಕೆಲಸ ಈಗ ಸಹೋದ್ಯೋಗಿಯೊಬ್ಬರ ಜೊತೆ ಹಂಚಿಕೆ. ದುಡ್ಡಿನ ಲೆಕ್ಕ ಅವರದ್ದು, ಹರಾಜು ನಡೆಸುವುದು ಮಧುದು. ಮುಂದಿನ ಹರಾಜಿನ ಊಟ ಯಾರ ಮನೆಯಲ್ಲಿ ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ. ಪ್ರವೀಣ ಶುಲ್ಕ ಕಟ್ಟಿದ್ದಾನೆ.