ಜೂಡೋ ಆಡುವವರಿಗೆ ವಿಟಮಿನ್ ಸಿ, ಇ ಡೋಸ್ ಹೆಚ್ಚಿಸಬೇಕಾ?

ದಿನಾ 1000 ಮಿಲಿಗ್ರಾಂ ಸಿ, 400 ಐಯು (ವಿಟಮಿನ್ ಅಳೆಯುವ ಒಂದು ಮಾನ) ಇ ನುಂಗಿದರೂ ಮೈಕೈ ನೋವು ಹೋಗಿಲ್ಲ, ದಮ್ಮೂ ಹೆಚ್ಚಿಲ್ಲ ಅಂದಿರಿ. ಬಹುಶಃ ಡೋಸ್ ಕಡಿಮೆಯಾಗಿಲ್ಲ, ಜಾಸ್ತಿಯಾಗಿದೆ. ಅಭ್ಯಾಸದಲ್ಲಿ ದೇಹದೊಳಗೆ ಹುಟ್ಟುವ, ಜೀವಕೋಶಕ್ಕೆ ಹಾನಿ ಮಾಡಬಲ್ಲ ಫ್ರೀ ರ‍್ಯಾಡಿಕಲ್‌ಗಳು ಪೂರ್ತಿ ಶತ್ರುಗಳಲ್ಲ. 'ಗಟ್ಟಿಯಾಗು' ಅಂತ ಸ್ನಾಯುವಿಗೆ ಸುದ್ದಿ ಮುಟ್ಟಿಸುವುದೂ ಅವೇ. ಸಿ, ಇ ಮಾತ್ರೆಗಳು ಅವನ್ನು ತಣ್ಣಗಾಗಿಸುತ್ತವೆ, ಹಾಗಾಗಿ ಆ ಸುದ್ದಿಯನ್ನೇ ಅಡಗಿಸಬಹುದು. 2009ರ ಒಂದು ಜರ್ಮನ್ ಅಧ್ಯಯನದಲ್ಲಿ ಸರಿಯಾಗಿ ಇದೇ ಡೋಸ್ ತೆಗೆದುಕೊಂಡವರಿಗೆ, ವ್ಯಾಯಾಮದಿಂದ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವ ಲಾಭ ಸಿಗಲಿಲ್ಲ.

ಡಾಕ್ಟರ್ ಬರೆದುಕೊಟ್ಟದ್ದಲ್ಲದಿದ್ದರೆ ಮೊದಲು ಎರಡನ್ನೂ ನಿಲ್ಲಿಸಿ. ದಿನಕ್ಕೆ ಬೇಕಾದ ಸಿ ಸುಮಾರು 80 ಮಿಲಿಗ್ರಾಂ, ಒಂದು ಸೀಬೆಹಣ್ಣು ಸಾಕು. ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ, ಜೊತೆಗೆ ನಿಮ್ಮ ದುಡ್ಡೂ. ಇ-ಗೆ ಒಂದು ಹಿಡಿ ಶೇಂಗಾ, ಬಾದಾಮಿ ತಿನ್ನಿ.

ಆಮೇಲೆ ತೂಕದ ವಿಷಯ. ಸ್ಪರ್ಧೆಗೆ ಮುಂಚೆ ಊಟ, ನೀರು ಬಿಟ್ಟು ತೂಕ ಇಳಿಸುತ್ತೀರಾ? ನಿಮ್ಮ ನೋವು, ಸುಸ್ತಿಗೆ ನನಗೆ ಅದರ ಮೇಲೇ ಹೆಚ್ಚು ಅನುಮಾನ. ವಾರಕ್ಕೆ ಅರ್ಧ ಕಿಲೋದಂತೆ, ಮೊದಲೇ ಶುರುಮಾಡಿ ನಿಧಾನವಾಗಿ ಇಳಿಸಿ.

ಹಾಲ್ ಒಳಗೇ ಅಭ್ಯಾಸ ಅಲ್ವಾ, ಬಿಸಿಲು ಕಡಿಮೆ; ವಿಟಮಿನ್ ಡಿ ಮತ್ತು ಫೆರಿಟಿನ್ (ದೇಹದಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆ ಅಂತ ತೋರಿಸುವುದು) ರಕ್ತಪರೀಕ್ಷೆ ಮಾಡಿಸಿ. ಕೊರತೆ ಇದ್ದರೆ ಮಾತ್ರ ಮಾತ್ರೆ. ನೋವಿಗೆ ಇವಿಷ್ಟೇ ಕಾರಣ ಅಂತ ಹೇಳಲಾರೆ. ಆರು ವಾರದಲ್ಲೂ ನೋವು ಇಳಿಯದಿದ್ದರೆ, ಅಥವಾ ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಅವತ್ತೇ, ಡಾಕ್ಟರ್ ಹತ್ತಿರ ಹೋಗಿ.